ಅಪ್ಪನಿಗೆ ತೋರಿಸಬೇಕಾದ ಕೆಂಪು

ಬಾಯಿ ಮುಚ್ಚಿಕೊಂಡಿದ್ದರೆ ಆ ದಿನವೂ ಎಲ್ಲ ದಿನಗಳ ಹಾಗೆ ಕಳೆದುಹೋಗುತ್ತಿತ್ತು. ಆದರೆ ಮಿಣುಕುಹುಳ ಬೆಳಿಗ್ಗೆಯೇ ಅಕ್ಕನಿಗೆ ಫೋನ್ ಮಾಡಿ, "ಇವತ್ತೇ ಅಪ್ಪನ್ನ ಲ್ಯಾಬಿಗೆ ಕರ್ಕೊಂಡು ಬಾ. ನಾಲ್ಕು ಗಂಟೆಗೆ ತೋರಿಸೇಬಿಡ್ತೀನಿ," ಎಂದುಬಿಟ್ಟ.

ಮಿಣುಕುಹುಳ ಅನ್ನೋ ಅಡ್ಡಹೆಸರು ಲ್ಯಾಬಿನವರು ಇಟ್ಟದ್ದು. ಏಳು ವರ್ಷದಿಂದ ಅವನು ಕತ್ತಲೆ ಕೋಣೆಯಲ್ಲಿ ಕೂತು, ಪೆರೋವ್‌ಸ್ಕೈಟ್ ಎಂಬ ಹರಳಿನಿಂದ ಮಾಡಿದ ಸೋಲಾರ್ ಸೆಲ್‌ಗಳು ಹೊಮ್ಮಿಸುವ ಬೆಳಕನ್ನು ಅಳೆಯುತ್ತಿದ್ದ. "ಬಿಸಿಲು ಕುಡಿಯೋ ಸೆಲ್ ಬೆಳಕು ಯಾಕಪ್ಪಾ ಕೊಡ್ಬೇಕು?" ಎಂದು ಯಾರಾದರೂ ಕೇಳಿದರೆ ಮುಗಿಯಿತು. "ಆ ಸೆಲ್ಲಿಗೇ ಕರೆಂಟ್ ಕೊಟ್ಟು ನೋಡಿ. ಎಷ್ಟು ಚೆನ್ನಾಗಿ ಮಿನುಗುತ್ತೋ, ಬಿಸಿಲಲ್ಲಿ ಅಷ್ಟು ಚೆನ್ನಾಗಿ ದುಡಿಯುತ್ತೆ," ಎಂದು ಶುರುಮಾಡಿದವನು ಕೇಳಿದವರ ಟೀ ತಣ್ಣಗಾಗುವವರೆಗೂ ಬಿಡುತ್ತಿರಲಿಲ್ಲ.

ಅಪ್ಪ ಗಡಿಯಾರ ರಿಪೇರಿ ಮಾಡಿ ಮಕ್ಕಳನ್ನು ಸಾಕಿದವರು. ಈಗ ಅಕ್ಕನ ಮನೆಯಲ್ಲಿದ್ದ ಅವರ ದೃಷ್ಟಿ ಹೋಗುತ್ತಿತ್ತು. ಹೆಚ್ಚೆಂದರೆ ಮೂರು ತಿಂಗಳು ಎಂದಿದ್ದರು ಡಾಕ್ಟರು. "ಅಷ್ಟರೊಳಗೆ ನೀನು ಮಾಡೋ ಬೆಳಕನ್ನ ಒಂದ್ಸಲ ತೋರಿಸೋ," ಎಂದು ಅಪ್ಪ ಕೇಳಿದ್ದು ಅಷ್ಟೇ. ಗ್ರಹಚಾರಕ್ಕೆ, ಮಗನ ಸೆಲ್‌ಗಳ ಬೆಳಕು ಲ್ಯಾಬಿನ ಕ್ಯಾಮೆರಾಕ್ಕೆ ಕಾಣುತ್ತಿತ್ತೇ ಹೊರತು ಮನುಷ್ಯರ ಕಣ್ಣಿಗಲ್ಲ. ಮಿಶ್ರಣ ಬದಲಿಸಿ ಬದಲಿಸಿ, ಕಣ್ಣಿಗೆ ಕಾಣುವ ಕೆಂಪು ಬರುವಷ್ಟರಲ್ಲಿ ಎರಡೂವರೆ ತಿಂಗಳು ಕಳೆದಿತ್ತು. ಅಂಚೆಚೀಟಿಯಷ್ಟು ಅಗಲದ ನಾಲ್ಕು ಸೆಲ್ ಸಿದ್ಧವಾಗಿದ್ದವು. ತೇವ ಸೋಕಿದರೆ ಸತ್ತೇ ಹೋಗುವ ಜಾತಿ. ಅವನ್ನು ಗಾಜಿನ ಪೆಟ್ಟಿಗೆಯಲ್ಲಿ ಹಸುಗೂಸಿನ ಹಾಗೆ ಜೋಪಾನ ಮಾಡಿದ್ದ.

ಸುದ್ದಿ ಹಬ್ಬಿತು. ಹನ್ನೊಂದಕ್ಕೆ ಪಕ್ಕದ ಲ್ಯಾಬಿನ ಕೆಮಿಸ್ಟ್ ಬಂದ. "ಅಪ್ಪಂಗೆ ತೋರಿಸೋಕೆ ಮೊದ್ಲು ಒಂದು ಟ್ರಯಲ್ ಬೇಡ್ವೇನೋ?" ಎಂದು ಒಂದು ಸೆಲ್ಲನ್ನು ಹೊರಗೆ ತೆಗೆದು, ಧೂಳು ಕೂತಿದೆಯೆಂದು ಬಾಯಿಂದ ಉಫ್ ಎಂದು ಊದಿದ. ಉಸಿರಿನ ತೇವಕ್ಕೆ ನೋಡನೋಡುತ್ತಲೇ ಅದು ಹಳದಿಗೆ ತಿರುಗಿ ಸತ್ತಿತು.

"ಅಯ್ಯೋ, ಕನ್ನಡಕ ಊದಿ ಊದಿ ಅಭ್ಯಾಸ ಕಣೋ!"

ಹನ್ನೆರಡಕ್ಕೆ ಲ್ಯಾಬಿನ ಸ್ಟೋರ್ ನೋಡಿಕೊಳ್ಳುವ ಮೇಡಂ ಮೊಬೈಲ್ ಹಿಡಿದು ಬಂದರು. ಫೋಟೋ ಚೆನ್ನಾಗಿ ಬರಲಿ ಎಂದು ಅವರು ವೋಲ್ಟೇಜಿನ ಗುಂಡಿಯನ್ನು ರೇಡಿಯೋ ದನಿ ಏರಿಸುವ ಹಾಗೆ ತಿರುಗಿಸಿದರು. ತಂತಿಗೆ ಸಿಕ್ಕಿಸಿದ್ದ ಎರಡನೆಯ ಸೆಲ್ ಝಗ್ಗೆಂದು ಹೊಳೆದು ಸುಟ್ಟುಹೋಯಿತು.

"ಇದ್ದಷ್ಟು ಹೊತ್ತು ಎಷ್ಟು ಚೆನ್ನಾಗಿತ್ತು ಅಲ್ವಾ?" ಎಂದರು ಮೇಡಂ.

ಮೂರನೆಯದು ಅವನದೇ ಕೈಯಿಂದ ಜಾರಿ ನೆಲಕ್ಕೆ ಬಿದ್ದು ಒಡೆಯಿತು. ಬೈಯೋಣವೆಂದರೆ ಯಾರೂ ಸಿಗಲಿಲ್ಲ.

ಉಳಿದದ್ದು ಒಂದೇ. ಬಾಗಿಲಿಗೆ ಚಿಲಕ ಹಾಕಿ, ಊಟ ಬಿಟ್ಟು ಕಾವಲು ಕೂತ. ಕೆಮಿಸ್ಟ್ ಹೊರಗಿನಿಂದ "ಏನಾದ್ರೂ ಸಹಾಯ ಬೇಕಾ?" ಎಂದಾಗಲೆಲ್ಲ "ನಿನ್ನ ದಮ್ಮಯ್ಯ, ಬೇಡ!" ಎಂದು ಕೂಗಿದ.

ನಾಲ್ಕಕ್ಕೆ ಸರಿಯಾಗಿ ಅಕ್ಕ ಅಪ್ಪನ ಕೈ ಹಿಡಿದುಕೊಂಡು ಬಂದಳು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಸೆಲ್‌ಗೆ ತಂತಿ ಸಿಕ್ಕಿಸಿ, ಅವನು ಕೋಣೆಯ ದೀಪ ಆರಿಸಿದ. ಗವ್ವೆನ್ನುವ ಕತ್ತಲು.

"ಅಪ್ಪ, ನೇರ ಮುಂದೆ ನೋಡಿ. ಈಗ..." ಎನ್ನುತ್ತ ಸ್ವಿಚ್ಚಿಗಾಗಿ ತಡಕಾಡಿದ.

"ಆಹಾ!" ಎಂದರು ಅಪ್ಪ. "ಕಾಣ್ತು ಕಣೋ! ಎಷ್ಟು ಕೆಂಪಗಿದೆ! ನಿನ್ನ ಏಳು ವರ್ಷ ಸುಮ್ನೆ ಹೋಗ್ಲಿಲ್ಲ ಮಗಾ."

ಮಗನ ಬೆರಳು ಇನ್ನೂ ಸ್ವಿಚ್ಚನ್ನು ಮುಟ್ಟಿರಲಿಲ್ಲ.

ಕತ್ತಲಲ್ಲಿ ಅಕ್ಕ ಬಿಕ್ಕಿದ್ದು ಕೇಳಿಸಿತು. ಅವನ ಕಿವಿಯ ಹತ್ತಿರ ಬಂದು, "ಕಣ್ಣು ಪೂರ್ತಿ ಹೋಗಿ ಹದಿನೈದು ದಿನ ಆಯ್ತು. ನಿಂಗೆ ಹೇಳ್ಬಾರ್ದು ಅಂತ ಆಣೆ ಮಾಡಿಸ್ಕೊಂಡಿದ್ರು," ಎಂದು ಪಿಸುಗುಟ್ಟಿದಳು.

ಅವನು ಸ್ವಿಚ್ ಒತ್ತಿದ. ಸೆಲ್ ಕೆಂಪಗೆ ಬೆಳಗಿತು. ಅಷ್ಟು ಚೆಂದದ ಬೆಳಕನ್ನು ಅವನು ಏಳು ವರ್ಷದಲ್ಲಿ ಕಂಡಿರಲಿಲ್ಲ.

"ಸಾಕಾ ಅಪ್ಪ? ಆರಿಸ್ಲಾ?"

"ಇರ್ಲಿ ಇರು," ಎಂದರು ಅಪ್ಪ, ಬಾಗಿಲ ಕಡೆಗೆ ಮುಖ ಮಾಡಿಕೊಂಡು. "ಇನ್ನೊಂದು ಸ್ವಲ್ಪ ಹೊತ್ತು ನೋಡ್ತೀನಿ."