ಕುಣಿಯುವ ಇಡ್ಲಿಯ ಲೇಔಟ್ ಮಹಾಶಯರ ಸನ್ನಿಧಿಗೆ

ಸ್ಯಾಟಲೈಟ್, ಅಹಮದಾಬಾದ್
ಜುಲೈ ೨೦೦೩

ಮಾನ್ಯ ಲೇಔಟ್ ಮಹಾಶಯರೇ,

ನಮ್ಮ ಉಡುಪಿ ಹೋಟೆಲಿನ ವೆಬ್‌ಸೈಟಿಗಾಗಿ ಎಲ್ಲೋ ಒಂದು ಸರ್ವರಿನೊಳಗೆ ಕೂತು, ಜಾವಾಸ್ಕ್ರಿಪ್ಟಿನ ಅಪ್ಪಣೆಯಂತೆ ಪ್ರತಿ ಪುಟಕ್ಕೂ ತಲೆ ಮತ್ತು ಪಾದ ಜೋಡಿಸಿ ಕಳುಹಿಸುವ ತಮಗೆ, ಗಲ್ಲಾದಲ್ಲಿ ಕೂತ ಪದ್ಮನಾಭನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ, ನಾನೂ ಬದುಕಿದ್ದೇನೆ. ಇದನ್ನು ಬಹಿರಂಗವಾಗಿ ಸಾರಬೇಕಾಗಿ ಬಂದದ್ದು ತಮ್ಮ ಮನೆತನದ ಕೃಪೆಯಿಂದ.

ಮಗಳು ಸ್ವಾತಿ ತಮ್ಮನ್ನು ಸೃಷ್ಟಿಸಿದಾಗ ಹಿಗ್ಗಿದವನು ನಾನೇ. ಮೇಲೆ ಕುಣಿಯುವ ಇಡ್ಲಿ, ಕೆಳಗೆ ‘ಮತ್ತೆ ಮತ್ತೆ ಬನ್ನಿ, ಇಂಥ ಸಂದರ್ಭ ಸದಾ ಒದಗುತ್ತಿರಲಿ’ ಎಂಬ ಮಿನುಗುವ ಸಾಲು. ನಡುವೆ ದೋಸೆಯಿರಲಿ, ಮದುವೆಯ ಊಟವಿರಲಿ, ತಾವು ಭೇದವೆಣಿಸಿದವರಲ್ಲ. ಆದರೆ ಮೇ ತಿಂಗಳಲ್ಲಿ, ಇಪ್ಪತ್ತೆರಡು ವರ್ಷಗಳಿಂದ ಪ್ರತಿ ಭಾನುವಾರ ನಮ್ಮ ಮೂಲೆಯ ಮೇಜಿನಲ್ಲಿ ಮಸಾಲೆ ದೋಸೆ ತಿನ್ನುವ ವಿಜ್ಞಾನಿ ಅನಂತರಾಮರ ತಾಯಿ ತೀರಿಕೊಂಡರು. ವೈಕುಂಠ ಸಮಾರಾಧನೆಯ ಅಡುಗೆ ನಮ್ಮದೇ ಆದ್ದರಿಂದ, ವಡೋದರಾ, ಸೂರತ್ತಿನವರಿಗೂ ತಿಳಿಯಲೆಂದು ಸ್ವಾತಿ ಒಂದು ಪುಟ ಹಾಕಿದಳು. ಆ ಹಿರಿಯ ಜೀವದ ನೆತ್ತಿಯ ಮೇಲೆ ತಾವು ಇಡ್ಲಿ ಕುಣಿಸಿದಿರಿ! ಸಾವಿನ ಮನೆಯಿಂದ ಹೊರಡುವಾಗ ‘ಬರ್ತೇನೆ’ ಎಂಬ ಮಾತನ್ನೂ ಆಡದೆ ಸುಮ್ಮನೆ ಎದ್ದು ಹೋಗುವ ಜನ ನಾವು. ಅಂಥವರಿಗೆ ‘ಮತ್ತೆ ಮತ್ತೆ ಬನ್ನಿ’ ಎಂದು ಮಿನುಗಿಸಿದ ತಮ್ಮ ಆತಿಥ್ಯಕ್ಕೆ ಏನೆನ್ನಲಿ?

ಅನಂತರಾಮರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಭಾನುವಾರ ಬರುವುದನ್ನೇ ನಿಲ್ಲಿಸಿದರು. ಫೋನ್ ಮಾಡಿದರೆ ಅವರ ಮನೆಯವರು ಮೀರಾ, ‘ಮಲಗಿದ್ದಾರೆ’ ಎನ್ನುತ್ತಿದ್ದರು. ಎಂಟು ಭಾನುವಾರ ಆ ಮೇಜಿಗೆ ಬೇರೆಯವರನ್ನು ಕೂರಿಸಲು ನನಗೆ ಮನಸ್ಸಾಗಲಿಲ್ಲ.

ಪುಟಕ್ಕೊಂದು ಲೇಔಟ್ ಇರಬಾರದೇ ಎಂದು ಮಗಳನ್ನು ಕೇಳಿದೆ. ಇಲ್ಲಿಯೇ ಹುಟ್ಟಿ ಬೆಳೆದು ಕನ್ನಡಕ್ಕೂ ಗುಜರಾತಿಯ ‘ನೇ’ ಅಂಟಿಸುವ ಅವಳು, “ಇರ್ತದೆ ನೇ ಪಪ್ಪಾ, ಯಾವ ಲೇಔಟ್ ಅಂತ ಪುಟದಲ್ಲಿ ಹೇಳ್ಬೇಕು. ಹೇಳದಿದ್ರೆ ಡಿಫಾಲ್ಟ್ ಬರ್ತದೆ” ಎಂದು ತಮಗೊಬ್ಬ ಸೋದರನನ್ನು ಕರುಣಿಸಿದಳು: ಕಪ್ಪು ಅಂಚು, ಉರಿಯುವ ದೀಪ, ‘ಭಾವಪೂರ್ಣ ಶ್ರದ್ಧಾಂಜಲಿ’. ನೋಡಿ ನನಗೆ ಕಣ್ಣು ತುಂಬಿತು. ಆದರೆ ಅವಸರದಲ್ಲಿ ಅವಳು, ಏನೂ ಹೇಳದಿದ್ದಾಗ ಬರುವ ಸ್ಥಾನದಲ್ಲೂ ಅವನನ್ನೇ ಕೂರಿಸಿದ್ದಳು.

ಮರುದಿನ ರವೆ ಇಡ್ಲಿಗೆ ಭಾವಪೂರ್ಣ ಶ್ರದ್ಧಾಂಜಲಿ, ಬಿಸಿಬೇಳೆಬಾತಿಗೂ ಅದೇ. ‘ಮಾಲೀಕರ ಪರಿಚಯ’ ಪುಟದಲ್ಲಿ ಹಲ್ಲು ಕಿರಿಯುತ್ತಿದ್ದ ನನ್ನ ಸುತ್ತ ಕಪ್ಪು ಅಂಚು. ಬೋಡಕ್‌ದೇವ್‌ನ ಗಿರಾಕಿಯೊಬ್ಬರು ಬಿಳಿ ಬಟ್ಟೆಯಲ್ಲಿ ಬಂದು, ನನ್ನನ್ನು ನನ್ನ ತಮ್ಮನೆಂದು ತಿಳಿದು, ಅಣ್ಣನ ಗುಣಗಾನ ಮಾಡಿ ಹೋದರು. ನಾನೂ ತಲೆಯಾಡಿಸಿದೆ.

ಹತ್ತು ಗಂಟೆಗೆ ಅನಂತರಾಮರು ಬಂದರು. ವಡೋದರಾದಿಂದ ಯಾರೋ ಸುದ್ದಿ ಮುಟ್ಟಿಸಿದ್ದರಂತೆ. ಕೈಯಲ್ಲಿ ತುಳಸಿಮಾಲೆ, ಅಂಗಿಯ ಗುಂಡಿ ಮೇಲೆ ಕೆಳಗೆ. ಸೋಂಪು ತುಂಬಿಸುತ್ತಿದ್ದ ನನ್ನನ್ನು ಕಂಡು ಕಣ್ಣೊರೆಸಿಕೊಂಡು, “ಬದುಕಿದ್ದೀರೇನ್ರೀ! ಥೂ ನಿಮ್ಮ! ಹಾಗಾದ್ರೆ ಒಂದು ಮಸಾಲೆ ಹೇಳ್ರೀ” ಎಂದು ಮಾಲೆಯನ್ನು ಗಲ್ಲಾದ ಮೇಲಿನ ಕೃಷ್ಣನಿಗೆ ಹಾಕಿ ಮೂಲೆಗೆ ಹೋದರು. ಎರಡು ತಿಂದರು. ಹೊರಡುವಾಗ ಬಾಗಿಲಲ್ಲಿ ನಿಂತು, ತಿರುಗಿ, “ಬರ್ತೀನಿ, ಪದ್ಮನಾಭ್” ಎಂದರು.

ಆದ್ದರಿಂದ ತಮ್ಮಲ್ಲಿ ವಿನಂತಿ: ಇನ್ನು ಮುಂದೆ ಪುಟ ಸಿಂಗರಿಸುವ ಮೊದಲು ಒಳಗಿರುವವರ ನಾಡಿ ಹಿಡಿದು ನೋಡತಕ್ಕದ್ದು. ನನ್ನ ಸರದಿ ನಿಜವಾಗಿ ಬಂದ ದಿನ ಮಾತ್ರ ಇಡ್ಲಿಯನ್ನು ಧಾರಾಳವಾಗಿ ಕುಣಿಸಬಹುದು, ನನ್ನ ಅಭ್ಯಂತರವಿಲ್ಲ.

ತಮ್ಮ ವಿಶ್ವಾಸಿ, ಸದ್ಯಕ್ಕೆ ಜೀವಂತ,
ಪದ್ಮನಾಭ

ತಾ.ಕ.: ಸೂರತ್ತಿನ ಕತಾರ್‌ಗಾಮಿನಲ್ಲಿರುವ ನನ್ನ ಖಾಸಾ ಭಾವನವರು ಕಪ್ಪು ಅಂಚಿನ ನನ್ನ ಪರಿಚಯದ ಪುಟ ನೋಡಿ, ಸ್ವಾತಿಗೆ ಫೋನ್ ಮಾಡಿ, “ಹದಿಮೂರನೇ ದಿನದ ಊಟಕ್ಕೇ ಸೀದಾ ಬರುವ ಅಂತಿದ್ದೆ ಮಾರಾಯ್ತಿ, ಪಾಯಸ ಯಾವುದು?” ಎಂದು ಕೇಳಿದರಂತೆ. ಅವರು ತೆರೆಯುವ ಪುಟಗಳಿಗೆ ದಯವಿಟ್ಟು ಕಪ್ಪು ಅಂಚನ್ನೇ ಕಾಯಂ ಮಾಡಿ. ‘ಬನ್ನಿ’ ಎಂಬ ಸಾಲು ಅಪ್ಪಿತಪ್ಪಿಯೂ ಬೇಡ.