ನಾನು ಕಟ್ಟಿದ ಪುಸ್ತಕದ ಮನೆ

ಇಂದು ಮಾಡಿದ ಕೆಲಸಗಳು: ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ, ಹಸು ಕರೆದೆ, ರೇಷ್ಮೆ ಹುಳದ ಮನೆ ಗುಡಿಸಿದೆ, ಅವರೆಕಾಳು ನೆನೆಹಾಕಿದೆ, ಅತ್ತೆಯ ಕಣ್ಣಿಗೆ ಔಷಧಿ ಬಿಟ್ಟೆ. ಆಮೇಲೆ ಕಲಾವಿದೆಯಾದೆ.

ನಾಳೆ ಅಗರದಲ್ಲಿ ನಾದಿನಿ ಮಂಗಳಳ ಗೃಹಪ್ರವೇಶ. ಹಿಂದೆ ಅವಳ ಮಗುವಿಗೆಂದು ನಾನೇ ಹೆಣೆದು ಕೊಟ್ಟ ಟೋಪಿಯನ್ನು ಅವಳು ಹಾಲಿನ ಚೊಂಬಿಗೆ ತೊಡಿಸಿ, ಅತ್ತಿಗೆ ಕೈಯಲ್ಲಿ ಮುದ್ದೆ ಬಿಟ್ಟು ಇನ್ನೇನೂ ಆಗುವುದಿಲ್ಲವೆಂದು ನೆಂಟರೆದುರು ನಕ್ಕಿದ್ದಳು. ಈ ಸಲ ಅವಳ ಬಾಯಿ ಮುಚ್ಚಿಸಲೇಬೇಕಿತ್ತು.

ಮೊಬೈಲಿನ ವಿಡಿಯೋದಲ್ಲಿ ಒಬ್ಬಾಕೆ ಹಳೇ ಪುಸ್ತಕದ ಹಾಳೆ ಮಡಿಚಿ ಮಡಿಚಿ ಅರಮನೆಯನ್ನೇ ಎಬ್ಬಿಸಿದ್ದಳು. ನಾನೂ ಕೊಳ್ಳೇಗಾಲದ ಗುಜರಿ ಅಂಗಡಿಯಿಂದ ದಪ್ಪನೆಯ ಗೈಡೊಂದನ್ನು ತಂದಿದ್ದೆ. ಹಾಳೆಗಳನ್ನು ಮಡಿಚಿದೆ. ಬಾಗಿಲು, ಕಿಟಕಿ ಕತ್ತರಿಸಿದೆ. ಎತ್ತಿ ನಿಲ್ಲಿಸಿದರೆ ಬಾಗಿಲು ಛಾವಣಿಯಲ್ಲಿತ್ತು! ಪುಸ್ತಕವನ್ನೇ ತಲೆಕೆಳಗು ಮಾಡಿ ಸಮಸ್ಯೆಯನ್ನು ಸುಸೂತ್ರವಾಗಿ ಬಗೆಹರಿಸಿದೆ.

ಅಂಟಿಸಲು ಮೈದಾ ಗೋಂದು ಕಾಯಿಸಿ ಆರಲು ಇಟ್ಟಿದ್ದೆ. ಕತ್ತರಿ ಹುಡುಕಿ ಬರುವಷ್ಟರಲ್ಲಿ, ತೋಟದಿಂದ ಬಂದ ನಮ್ಮ ಯಜಮಾನರು ಅದಕ್ಕೆ ಮಜ್ಜಿಗೆ ಬೆರೆಸಿ ಅರ್ಧ ಕುಡಿದಿದ್ದರು.

"ಗಂಜೀಗೆ ಉಪ್ಪೇ ಆಕಿಲ್ವಲ್ಲಮ್ಮಿ," ಎಂದರು.

ನಾನು ಸತ್ಯ ಹೇಳಲಿಲ್ಲ. ಉಪ್ಪು ಕೊಟ್ಟೆ. ಮತ್ತೆ ಗೋಂದು ಕಾಯಿಸಿ, ಕೆಲಸ ಮುಗಿಸಿ, ಒಣಗಲೆಂದು ನನ್ನ ಕಾಗದದ ಮನೆಯನ್ನು ಗಾಳಿಯಾಡುವ ಹಿತ್ತಿಲ ಚಪ್ಪರದಡಿ ಇಟ್ಟೆ. ಅಲ್ಲೇ, ಗೂಡು ಕಟ್ಟುವ ಹುಳ ಬಿಡಲು ಸುತ್ತು ಸುತ್ತು ಮಡಿಕೆಯ ಬಿದಿರಿನ ತಟ್ಟೆಗಳನ್ನು, ಅಂದರೆ ಚಂದ್ರಿಕೆಗಳನ್ನು, ಸಾಲಾಗಿ ಒರಗಿಸಿದ್ದರು.

ಸಂಜೆ ಹೋಗಿ ನೋಡುತ್ತೇನೆ, ಮಡಿಕೆ ಮಡಿಕೆಗೂ ಒಂದೊಂದು ಹುಳ! ನಾದಿನಿಗಿಂತ ಒಂದು ದಿನ ಮೊದಲೇ ಅವು ಗೃಹಪ್ರವೇಶ ಮುಗಿಸಿದ್ದವು. ಪಕ್ಕದಲ್ಲಿ ಅತ್ತೆ ಕಣ್ಣು ಕಿರಿದು ಮಾಡಿಕೊಂಡು ಕೊನೆಯ ಹುಳವನ್ನು ಕಿಟಕಿಯೊಳಕ್ಕೆ ಬಿಡುತ್ತಿದ್ದರು.

"ಮಗ ವಸಾ ತರದ ಚಂದ್ರಿಕೆ ತಂದವ್ನೆ ಅಂದ್ಕಂಡೆ ಕಣವ್ವ. ಉಳ ಚೆಂದಾಗಿ ಕೂರ್ತವೆ."

ಆರಿಸಿ ತೆಗೆಯಲು ಕೈ ಚಾಚಿದೆ. ಗೋಂದು ಕುಡಿದ ಯಜಮಾನರು ಓಡಿ ಬಂದು ಅಡ್ಡ ನಿಂತರು.

"ಮುಟ್ಬ್ಯಾಡ ಕಣಮ್ಮಿ, ನೂಲು ಬುಡ್ತಾವೆ. ಈಗ ಕದಲಿಸಿದ್ರೆ ಗೂಡು ಕೆಡ್ತದೆ."

ಉಡುಗೊರೆಯ ಗತಿ ಕೇಳಿದರೆ, ಒಂದು ಪ್ಲಾಸ್ಟಿಕ್ ಬಕೆಟ್ ಕೊಟ್ಟರಾಯಿತು ಎಂದರು. ಈ ಮಾತು ನಡೆಯುವಾಗಲೇ, ನಾಳೆಯ ಅಡುಗೆಗೆ ದೊಡ್ಡ ಪಾತ್ರೆ ಒಯ್ಯಲು ಮಂಗಳ ಆಟೋದಲ್ಲಿ ಬಂದಿಳಿದಳು. ಕಾಗದದ ಮನೆ ಮುಚ್ಚಿಡಲು ಸೆರಗು ಸಾಲದಾಯಿತು. ಅವಳು ಬಗ್ಗಿ ನೋಡಿದಳು, ಸುತ್ತ ಬಂದು ನೋಡಿದಳು.

"ಅತ್ಗೆ, ನೀವೇ ಮಾಡಿದ್ದಾ? ಭಾರೀ ಚೆಂದಾಗದೆ ಕಣತ್ಗೆ."

ಅಂತೂ ಗೆದ್ದೆ! ಕಣ್ಣಲ್ಲಿ ನೀರು ಬರುವುದರಲ್ಲಿತ್ತು.

"ನಮ್ಮನೆ ಉಳಾನೂ ಇನ್ನೇನ್ ಅಣ್ಣಾಗಿ ಗೂಡು ಕಟ್ತವೆ. ಇಂತ ಚಂದ್ರಿಕೆ ಇನ್ನೊಂದತ್ತು ಮಾಡ್ಕೊಡಿ."

ರಾತ್ರಿ ಅವರೆಕಾಳು ಸಾರು, ಮುದ್ದೆ ಉಂಡೆವು. ಮುದ್ದೆ ಮಾತ್ರ ಎಂದಿನಂತೆ ಚೆನ್ನಾಗಿತ್ತು. ಹೊಟ್ಟೆ ಯಾಕೋ ಬಿಗಿದುಕೊಂಡಿದೆ ಎಂದು ಯಜಮಾನರು ಅರ್ಧಕ್ಕೇ ಎದ್ದರು. ಎಲ್ಲರಿಗಿಂತ ಮೊದಲು ಮಲಗಿದವರೂ ಅವರೇ. ಹಾಸಿಗೆಗೆ ಅಂಟಿಕೊಂಡಂತೆ ಮಲಗಿದ್ದರು. ಅಷ್ಟರಮಟ್ಟಿಗೆ ನನ್ನ ಗೋಂದು ಗಟ್ಟಿ!