ಟೋನರ್ ಮತ್ತು ಎಸೆನ್ಸ್ ಅವರ ಸನ್ನಿಧಾನಕ್ಕೆ, ಒಂದು ಕೆನ್ನೆಯ ವಿಚಾರವಾಗಿ

ಮಾನ್ಯ ಟೋನರ್ ಅವರೇ, ಕುಮಾರಿ ಎಸೆನ್ಸ್ ಅವರೇ,

ಬಾಲಿಗಂಜಿನ ಮೂರನೇ ಮಹಡಿಯಿಂದ ಕುಸುಮಾವತಿ ಮಾಡುವ ನಮಸ್ಕಾರಗಳು. ಇತ್ತ ನಾವೆಲ್ಲ ಸೆಕೆಯಲ್ಲಿ ಬೇಯುತ್ತ ಕ್ಷೇಮ. ತಾವಿಬ್ಬರೂ ನನ್ನ ಮಜ್ಜಿಗೆಯನ್ನು ಬದಿಗೆ ನೂಕಿ ಫ್ರಿಜ್ಜಿನ ಬಾಗಿಲಲ್ಲಿ ತಣ್ಣಗೆ ಕೂತವರಾದ್ದರಿಂದ ತಮ್ಮ ಕ್ಷೇಮ ವಿಚಾರಿಸುವ ಅಗತ್ಯ ಕಾಣುವುದಿಲ್ಲ.

ನಾನು ಕುಂದಾಪುರದ ಕಡೆಯವಳು, ಮಗ ನಿತ್ಯಾನಂದನಿಗೆ ಈ ಬಂಗಾಳಿಗಳ ಊರಿನ ಬ್ಯಾಂಕಿಗೆ ವರ್ಗವಾದಾಗ ಜೊತೆಗೆ ಬಂದವಳು. ಊರ ಶಾಲೆಯಲ್ಲಿ ಮಗ್ಗಿ ಮುಗಿಯುವ ಮೊದಲೇ ಮನೆಗೆಲಸಕ್ಕೆ ಕರೆಸಿಕೊಂಡದ್ದರಿಂದ ಬರೆಯುವಾಗ ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾವಂತೂ ತಮ್ಮಲ್ಲೊಬ್ಬರನ್ನು ಈಗಾಗಲೇ ಹೊಟ್ಟೆಗೆ ಹಾಕಿಕೊಂಡಾಗಿದೆ, ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊಮ್ಮಗಳು ಪ್ರಣೀತಾ ಕಾಲೇಜಿಗೆ ಹೊರಡುವಾಗ ಅವಳ ಎರಡೂ ಕೆನ್ನೆ ಸವರಿ ನೆಟಿಕೆ ಮುರಿಯುವುದು ಈ ಮನೆಯಲ್ಲಿ ನನಗಿದ್ದ ಒಂದೇ ಉದ್ಯೋಗ. ಮುಖಕ್ಕೆ ಹಚ್ಚುವ ಬಾಟಲಿಗಳಾಗಿ ತಾವು ದಯಮಾಡಿಸಿದ ಮೇಲೆ, ಕೈ ಚಾಚಿದರೆ ಸಾಕು, "ಅಜ್ಜಿ, ಮುಟ್ಬೇಡಿ, ಟೋನರ್ ಅಬ್ಸಾರ್ಬ್ ಆಗ್ತಾ ಉಂಟು" ಎನ್ನುತ್ತಾಳೆ. ಅದು ಇಂಗಿತು ಎನ್ನುವಾಗ "ಈಗ ಎಸೆನ್ಸ್, ಪ್ಲೀಸ್" ಎನ್ನುತ್ತಾಳೆ. ಅದೂ ಇಂಗುವಷ್ಟರಲ್ಲಿ ಬಸ್ಸಿನ ಹೊತ್ತು. ನನ್ನ ಅತ್ತೆ ಮಡಿಯುಟ್ಟರೆ ಯಾರೂ ಹತ್ತಿರ ಸುಳಿಯುವಂತಿರಲಿಲ್ಲ, ಆದರೆ ಅವರ ಮಡಿಯೂ ಊಟದೊಂದಿಗೆ ಮುಗಿಯುತ್ತಿತ್ತು. ಬರೀ ಕೆನ್ನೆಗೆ ಮಡಿ ಉಡಿಸಿದ ಕೀರ್ತಿ ತಮ್ಮಿಬ್ಬರದೇ.

ಇಬ್ಬರಲ್ಲಿ ಒಬ್ಬರು ಸಾಲದೇ ಎಂದು ಕೇಳಿದ್ದಕ್ಕೆ, ಟೋನರ್ ಚರ್ಮವನ್ನು ಹದ ಮಾಡುತ್ತದೆ, ಎಸೆನ್ಸ್ ಅದಕ್ಕೆ ಪೋಷಣೆ ಕೊಡುತ್ತದೆ ಎಂದು ಅವಳು ತಿಳಿಯಹೇಳಿದಳು. ಗದ್ದೆಗೆ ನೀರು ಹಾಯಿಸಿ ಗೊಬ್ಬರ ಕೊಟ್ಟ ಹಾಗೆ ಎಂದು ನನಗೆ ಅರ್ಥವಾಯಿತು. ಬೆಳೆ ಎಂಥದು ಮಾರಾಯ್ತಿ ಎಂದೆ. "ಗ್ಲೋ" ಎಂದಳು. ಅಂಗೈಗೆ ಒಂದೊಂದು ಹನಿ ಬಿಟ್ಟು ನೋಡಿದೆ. ಈ ಊರಿನಲ್ಲಿ ನನ್ನ ಹಣೆಯಿಂದ ಪುಕ್ಕಟೆ ಇಳಿಯುವ ಪದಾರ್ಥಕ್ಕೂ ತಮಗೂ ನನಗೇನೂ ವ್ಯತ್ಯಾಸ ಸಿಗಲಿಲ್ಲ. ಟೋನರ್ ಮುಗಿಯುತ್ತ ಬಂತು ಎಂದು ಮಗನಿಗೆ ಫೋನಿನಲ್ಲಿ ಹೇಳಿದರೆ, "ಸೋಮವಾರ ಇಂಡೆಂಟ್ ಹಾಕ್ತೇನಮ್ಮ, ಪ್ರಿಂಟರ್ ಯಾವುದು?" ಎಂದು ಕೇಳಿದ. ತಮ್ಮ ಮನೆತನದ ಕರಿ ಶಾಖೆ ಪುಡಿಯಾಗಿ ಬ್ಯಾಂಕಿನ ಪ್ರಿಂಟರಿನಲ್ಲಿ ಇಷ್ಟು ಕಷ್ಟಪಟ್ಟು ದುಡಿಯುತ್ತಿರುವುದು ನನಗೆ ಗೊತ್ತಿರಲಿಲ್ಲ, ಅಭಿನಂದನೆಗಳು.

ಇನ್ನು ಹೊಟ್ಟೆಯ ವಿಷಯ. ಭಾನುವಾರ ಅನಾನಸಿನ ಶೀರಾ ಮಾಡುತ್ತ "ಎಸೆನ್ಸ್ ಎಲ್ಲುಂಟು?" ಎಂದು ಒಲೆಯ ಮುಂದಿನಿಂದಲೇ ಕೇಳಿದೆ. "ಫ್ರಿಜ್ ಡೋರಲ್ಲಿ, ಅಜ್ಜಿ" ಎಂದು ಒಳಗಿನಿಂದ ಉತ್ತರ ಬಂತು. ಒಂದು ಹನಿಗೆ ಪರಿಮಳ ಏಳಲಿಲ್ಲ, ಎರಡಕ್ಕೂ ಇಲ್ಲ, ಸಿಟ್ಟು ಬಂದು ಬಾಟಲಿಯನ್ನೇ ಬಗ್ಗಿಸಿದೆ. ನನ್ನನ್ನು ಮಾಶಿಮಾ ಎಂದೇ ಕರೆಯುವ ಪಕ್ಕದ ಮನೆಯ ಭಾದುರಿ ಬಾಬು ಬಟ್ಟಲು ನೆಕ್ಕುವವರೆಗೆ ತಿಂದು, ಕಣ್ಣು ಮುಚ್ಚಿ, "ದಾರುಣ್, ಮಾಶಿಮಾ, ದಾರುಣ್" ಎಂದರು. ಇಷ್ಟು ವರ್ಷ ಸೌಟು ಹಿಡಿದ ನನ್ನ ಕೈಗೆ ಇಂಥ ಮಾತೇ ಎಂದು ನಾನು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿರುವಾಗ, ಬಂಗಾಳಿಯಲ್ಲಿ ಅದಕ್ಕೆ ಬಹಳ ರುಚಿಯೆಂದು ಅರ್ಥ ಎಂದ ಪ್ರಣೀತಾ, ಮರುಕ್ಷಣ ಖಾಲಿ ಬಾಟಲಿ ಕಂಡು ನಮ್ಮ ಕನ್ನಡದ ದಾರುಣವನ್ನು ಮುಖದಲ್ಲೇ ತೋರಿಸಿದಳು. ಬಾಬು ಗಟ್ಟಿಯಾಗಿದ್ದಾರೆ. ಗ್ಲೋ ಇನ್ನೂ ಕಂಡಿಲ್ಲ.

ಆದರೆ ಸೋಮವಾರ ಬೆಳಿಗ್ಗೆ ಟೋನರ್ ಅವರು ಇಂಗಿದ ಮೇಲೆ ಬಸ್ಸಿಗೆ ಸ್ವಲ್ಪ ಹೊತ್ತು ಉಳಿಯಿತು. ಹುಡುಗಿ ಸಿಟ್ಟಿನಲ್ಲೇ ಬಂದು ನಿಂತು, "ಬೇಗ ಮಾಡಿ ಅಜ್ಜಿ" ಎಂದು ಕೆನ್ನೆ ಒಡ್ಡಿದಳು. ನೆಟಿಕೆ ಹತ್ತೂ ಬೆರಳಿಗೆ ಬಿತ್ತು.

ಆದ್ದರಿಂದ ನನ್ನ ವಿನಂತಿ: ಯಾರನ್ನು ಇಟ್ಟುಕೊಳ್ಳುವುದು ಎಂದು ಅವಳು ತೀರ್ಮಾನಿಸಲಾರಳು, ತಾವೇ ಮದುವೆಯಾಗಿ ಒಂದೇ ಬಾಟಲಿಯಲ್ಲಿ ಸಂಸಾರ ಹೂಡಿರಿ. ಕಾಳಿಘಾಟಿನ ತಾಯಿಯ ಮುಂದೆ ನಾನೇ ನಿಂತು ನಡೆಸಿಕೊಡುತ್ತೇನೆ. ಜಾತಕ ನೋಡಿಸುವುದು ಬೇಡ, ಎರಡು ಕಡೆಯೂ ನೀರೇ.

ಇಂತು, ತಮ್ಮಿಬ್ಬರಲ್ಲಿ ಉಳಿದವರ ವಿಶ್ವಾಸಿ,
ಕುಸುಮಾವತಿ

ತಾ.ಕ.: ಎಸೆನ್ಸ್ ಅವರ ಹೊಸ ಬಾಟಲಿ ಗುರುವಾರ ಬರುತ್ತದಂತೆ. ಸಂತೋಷ. ರವೆ ಹುರಿದಿಟ್ಟಿದ್ದೇನೆ.